ಮೊಬೈಲಿನ ಅಚ್ಚುಮೊಳೆ ಯಾರದು?

(ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿವರೆಗೆ ಓದಿ ಪ್ರೆಸ್ ನಡೆಸುತ್ತಿರುವವನು. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ನಿಮ್ಮ ಚಳವಳಿಯ ಪೋಸ್ಟರು, ಇದೇ ನನ್ನ ಕಸುಬು. ಇವನಿಗೂ ಮೊಬೈಲ್ ತಂತ್ರಾಂಶದ ಲೈಸೆನ್ಸಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಇದೆ. ಹಿಂದೆ ಕನ್ನಡದ ಅಕ್ಷರ ನಮ್ಮಂಥವರ ಮೊಳೆ ಪೆಟ್ಟಿಗೆಯಲ್ಲಿತ್ತು. ಇಂದು ಅದು ನಿಮ್ಮ ಜೇಬಿನಲ್ಲಿದೆ. ಮೊಳೆಯನ್ನು ದುಡ್ಡು ಕೊಟ್ಟು ತಂದರೆ ಅದು ನಮ್ಮದು. ಏನು ಬೇಕಾದರೂ ಅಚ್ಚು ಹಾಕಬಹುದಿತ್ತು, ಸವೆದರೆ ಕರಗಿಸಬಹುದಿತ್ತು. ತಂತ್ರಾಂಶ ಹಾಗಲ್ಲ. ಫೋನು ನಿಮ್ಮದು, ಆದರೆ ಒಳಗಿನ ತಂತ್ರಾಂಶವನ್ನು ಬಳಸಲು ನಿಮಗೆ ಸಿಕ್ಕಿರುವುದು ಒಂದು ಅನುಮತಿ ಮಾತ್ರ. ಆ ಅನುಮತಿ ಪತ್ರವೇ ಲೈಸೆನ್ಸ್. ನಾವು ಓದದೆ 'ಒಪ್ಪಿಗೆ' ಎಂದು ಒತ್ತುತ್ತೇವಲ್ಲ, ಅಂಥದ್ದೇ ಒಂದು ಕಾಗದ!

ಆಂಡ್ರಾಯ್ಡ್ ವಿಷಯಕ್ಕೆ ಬರೋಣ. ನಮ್ಮ ದೇಶದ ಹೆಚ್ಚಿನ ಸ್ಮಾರ್ಟ್‌ಫೋನುಗಳಲ್ಲಿ ಇರುವುದು ಅದೇ. ಗೂಗಲ್ ಕಂಪನಿ 2005ರಲ್ಲಿ ಆಂಡ್ರಾಯ್ಡ್ ಎಂಬ ಸಣ್ಣ ಕಂಪನಿಯನ್ನು ಕೊಂಡಿತು. 2007ರ ನವೆಂಬರ್‌ನಲ್ಲಿ 34 ಕಂಪನಿಗಳ ಒಕ್ಕೂಟ ಕಟ್ಟಿ, 'ಇದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ತೆಗೆದುಕೊಳ್ಳಿ' ಎಂದು ಸಾರಿತು. 2008ರ ಅಕ್ಟೋಬರ್‌ನಲ್ಲಿ ಮೊದಲ ಫೋನು ಬಂತು. ಅದೇ ತಿಂಗಳು ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹವೂ ಹೊರಬಂತು.

ಮುಕ್ತ ಎಂದರೆ ಎಲ್ಲವೂ ಒಂದೇ ಅಲ್ಲ, ಗೆಳೆಯರೇ. ಆಂಡ್ರಾಯ್ಡ್‌ನ ಅಡಿಪಾಯ ಲಿನಕ್ಸ್. ಅದನ್ನು 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಶುರು ಮಾಡಿದ. ನಿಮ್ಮ ವಯಸ್ಸಿನವನೇ. ಅದಕ್ಕಿರುವುದು ಜಿಪಿಎಲ್ ಎಂಬ ಲೈಸೆನ್ಸ್. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ್ದು. ಅದರ ಕರಾರು ಇಷ್ಟು: 'ತಗೋ, ತಿದ್ದು, ಮಾರು. ಆದರೆ ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವಾಗ ಮೂಲ ಬರಹವನ್ನೂ ಇದೇ ಕರಾರಿನಲ್ಲಿ ಕೊಡು.' ಪಡೆದವನು ಬಚ್ಚಿಟ್ಟುಕೊಳ್ಳುವಂತಿಲ್ಲ.

ಲಿನಕ್ಸ್‌ನ ಮೇಲೆ ಗೂಗಲ್ ಕಟ್ಟಿದ ಭಾಗದ ಬಹುಪಾಲಿಗೆ ಇರುವುದು ಅಪಾಚೆ 2.0 ಎಂಬ ಬೇರೆ ಲೈಸೆನ್ಸ್. ಅದು ಹೇಳುವುದು: 'ತಗೋ, ತಿದ್ದು, ಬೇಕಾದರೆ ತಿದ್ದಿದ್ದಕ್ಕೆ ಬೀಗ ಹಾಕಿಕೋ. ಲೈಸೆನ್ಸ್ ಪ್ರತಿ ಜೊತೆಗಿಡು, ಹಕ್ಕುದಾರರ ಹೆಸರು ಅಳಿಸಬೇಡ, ಸಾಕು.' ಇದು ಫೋನ್ ಕಂಪನಿಗಳಿಗೆ ಹಿಡಿಸಿತು. ತಮ್ಮ ಗುಟ್ಟನ್ನು ಎದುರಾಳಿಗೆ ಕೊಡಬೇಕಿಲ್ಲವಲ್ಲ! ಆಂಡ್ರಾಯ್ಡ್ ಲೋಕವೆಲ್ಲ ಹಬ್ಬಿದ್ದಕ್ಕೆ ಈ ಸಡಿಲ ಲೈಸೆನ್ಸ್ ಒಂದು ದೊಡ್ಡ ಕಾರಣ.

ಹಾಗಾದರೆ ಬೀಗ ಎಲ್ಲಿದೆ? ಲೈಸೆನ್ಸಿನಲ್ಲಿಲ್ಲ, ಅದರ ಪಕ್ಕದಲ್ಲಿಟ್ಟ ಒಪ್ಪಂದದಲ್ಲಿದೆ. ಆಂಡ್ರಾಯ್ಡ್ ಮುಕ್ತ, ಆದರೆ ಪ್ಲೇ ಸ್ಟೋರ್, ಗೂಗಲ್ ಮ್ಯಾಪ್, ಯೂಟ್ಯೂಬ್ ಆ್ಯಪ್‌ಗಳು ಮುಕ್ತ ಅಲ್ಲ. ಪ್ಲೇ ಸ್ಟೋರ್ ಇಲ್ಲದ ಫೋನನ್ನು ಯಾರು ಕೊಳ್ಳುತ್ತಾರೆ? ಅದು ಬೇಕೆಂದರೆ ಫೋನ್ ಕಂಪನಿ ಗೂಗಲ್ ಜೊತೆ ಸಹಿ ಹಾಕಬೇಕು. ಸಹಿ ಹಾಕಿದರೆ ಅವರ ಸರ್ಚ್, ಅವರ ಕ್ರೋಮ್ ಕೂಡ ಹಾಕಲೇಬೇಕಿತ್ತು. ಅವರು ಒಪ್ಪದ ಆಂಡ್ರಾಯ್ಡ್ ರೂಪ ಇರುವ ಒಂದೇ ಒಂದು ಫೋನನ್ನೂ ಮಾರುವಂತಿರಲಿಲ್ಲ. 2012ರಲ್ಲಿ ತೈವಾನಿನ ಏಸರ್ ಕಂಪನಿ ಚೀನಾದ ಅಲಿಬಾಬಾದ ಅಲಿಯುನ್ ತಂತ್ರಾಂಶದ ಫೋನನ್ನು ಶಾಂಘೈನಲ್ಲಿ ಬಿಡುಗಡೆ ಮಾಡಲು ಹೊರಟಿತ್ತು. ಗೂಗಲ್ ಆಕ್ಷೇಪಿಸಿತು. ಸಮಾರಂಭವೇ ರದ್ದಾಯಿತು! 2019ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಹುವಾವೇ ಕಂಪನಿಯ ಮೇಲೆ ನಿರ್ಬಂಧ ಹೇರಿದಾಗ ಇನ್ನೊಂದು ಪಾಠ ಸಿಕ್ಕಿತು. ಮುಕ್ತ ಭಾಗವನ್ನು ಅದರ ಕೈಯಿಂದ ಯಾರೂ ಕಿತ್ತುಕೊಳ್ಳಲಾಗಲಿಲ್ಲ. ಆದರೆ ಅದರ ಹೊಸ ಫೋನುಗಳಿಗೆ ಪ್ಲೇ ಸ್ಟೋರ್ ಸಿಗಲಿಲ್ಲ. ತೆರೆದದ್ದು ಉಳಿಯಿತು, ಮುಚ್ಚಿದ್ದು ಹೋಯಿತು. ಇದನ್ನು ಮರೆಯಬೇಡಿ.

ಈ ಒಪ್ಪಂದಗಳನ್ನು ಕೇಳುವವರು ಇಲ್ಲದೆ ಇರಲಿಲ್ಲ. ಯುರೋಪಿನ ಆಯೋಗ 2018ರಲ್ಲಿ ಗೂಗಲ್‌ಗೆ 434 ಕೋಟಿ ಯೂರೋ ದಂಡ ಹಾಕಿತು. 2022ರಲ್ಲಿ ಅಲ್ಲಿನ ನ್ಯಾಯಾಲಯ ಆದೇಶದ ಬಹುಭಾಗ ಎತ್ತಿಹಿಡಿದು ದಂಡವನ್ನು 412.5 ಕೋಟಿಗೆ ಇಳಿಸಿತು. ನಮ್ಮ ದೇಶದ ಸ್ಪರ್ಧಾ ಆಯೋಗವೂ ಸುಮ್ಮನಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಉಳಿಸಿತು. ಅದೇ ವರ್ಷದ ಜನವರಿಯಲ್ಲೇ ಗೂಗಲ್, ಭಾರತದಲ್ಲಿ ಫೋನ್ ಕಂಪನಿಗಳು ತಮಗೆ ಬೇಕಾದ ಆ್ಯಪ್‌ಗಳನ್ನಷ್ಟೇ ಬಿಡಿಬಿಡಿಯಾಗಿ ಪಡೆಯಬಹುದು ಎಂದು ಪ್ರಕಟಿಸಬೇಕಾಯಿತು.

'ಇದರಲ್ಲಿ ಕನ್ನಡದ ಮಾತೇನು ಬಂತು, ಅಣ್ಣ?' ಎನ್ನುತ್ತೀರಿ. ಬಂದೆ.

ಮೊದಮೊದಲು ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ತೆರೆದರೆ ಬರೀ ಚೌಕ ಚೌಕ ಕಾಣುತ್ತಿತ್ತು. 2012ರಲ್ಲಿ ಬಂದ 4.1 ಆವೃತ್ತಿಯಲ್ಲಿ ಕನ್ನಡ ಲಿಪಿಗೆ ಬೆಂಬಲ ಸಿಕ್ಕಿತು. 2014ರ 5.0 ಆವೃತ್ತಿಯಲ್ಲಿ ಫೋನಿನ ಮೆನುಗಳೂ ಕನ್ನಡದಲ್ಲಿ ಬಂದವು. ನಮ್ಮ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಅಕ್ಷರ ಜೋಡಿಸುವ ತಂತ್ರಾಂಶ ಬೇಕು. ಹಿಂದೆ ಪ್ರೆಸ್ಸಿನಲ್ಲಿ ಕಂಪೋಸಿಟರ್ ಮಾಡುತ್ತಿದ್ದ ಕೆಲಸ ಅದು. ಆಂಡ್ರಾಯ್ಡ್‌ನಲ್ಲಿ ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಫೈರ್‌ಫಾಕ್ಸ್‌ನಲ್ಲೂ ಅದೇ, ಲಿಬ್ರೆ ಆಫೀಸ್‌ನಲ್ಲೂ ಅದೇ. ಒಂದು ಕಡೆ ತಿದ್ದಿದರೆ ಆ ತಿದ್ದುಪಡಿ ಎಲ್ಲ ಕಡೆಗೂ ಹೋಗಬಲ್ಲದು. ನೋಟೋ ಎಂಬ ಫಾಂಟ್ ಸರಣಿಯಲ್ಲಿ ಕನ್ನಡವೂ ಇದೆ, ಅದೂ ಮುಕ್ತ ಲೈಸೆನ್ಸಿನದು. ನಮ್ಮ ನೆರೆಯವರನ್ನೂ ನೋಡಿ. ಕೇರಳದ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಬಳಗದವರು ಆಂಡ್ರಾಯ್ಡ್‌ನದೇ ಮುಕ್ತ ಕೀಲಿಮಣೆಯನ್ನು ತೆಗೆದುಕೊಂಡು 'ಇಂಡಿಕ್ ಕೀಬೋರ್ಡ್' ಮಾಡಿದರು. ಅದರಲ್ಲಿ ಕನ್ನಡವನ್ನೂ ಸೇರಿಸಿದರು. ಯಾರ ಅನುಮತಿಗೂ ಕಾಯಲಿಲ್ಲ, ಅರ್ಜಿ ಹಿಡಿದು ನಿಲ್ಲಲಿಲ್ಲ. ಲೈಸೆನ್ಸೇ ಅವರಿಗೆ ಹಕ್ಕು ಕೊಟ್ಟಿತ್ತು.

ಮುಚ್ಚಿದ ತಂತ್ರಾಂಶದ ಕಥೆ ನನ್ನ ಪ್ರೆಸ್ಸಿನಲ್ಲೇ ಆಗಿದೆ. ನಮ್ಮಲ್ಲಿ ಒಂದು ಕನ್ನಡ ಡಿಟಿಪಿ ತಂತ್ರಾಂಶ ಇತ್ತು. ಅದು ನಡೆಯಬೇಕಾದರೆ ಕಂಪ್ಯೂಟರಿಗೆ ಡಾಂಗಲ್ ಎಂಬ ಸಣ್ಣ ಬೀಗ ಚುಚ್ಚಿರಬೇಕು. ಒಂದು ದಿನ ಆ ಡಾಂಗಲ್ ಕೆಟ್ಟಿತು. ಹೊಸದು ಸಿಗಲಿಲ್ಲ. ಎಂಟು ವರ್ಷದ ಪುಸ್ತಕಗಳ ಫೈಲುಗಳನ್ನು ಬೇರೆ ಕಡೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗಿಜಿಬಿಜಿ. ಕನ್ನಡದ ಪುಸ್ತಕ, ಕನ್ನಡದ ಲೇಖಕ, ಕನ್ನಡದ ಪ್ರೆಸ್ಸು, ಆದರೂ ಓದಲಾಗಲಿಲ್ಲ. ಎರಡು ಪುಸ್ತಕಗಳನ್ನು ಹುಡುಗರನ್ನು ಕೂರಿಸಿ ಮತ್ತೆ ಮೊದಲಿನಿಂದ ಟೈಪ್ ಮಾಡಿಸಿದೆ. ಆ ಕೂಲಿ ಕೊಟ್ಟವನು ನಾನು. ಅದಕ್ಕೇ ಇಲ್ಲಿ ನಿಂತು ಕೂಗುತ್ತಿದ್ದೇನೆ.

ಹಾಗೆಂದು ಆಂಡ್ರಾಯ್ಡ್ ಮುಕ್ತ ಎಂದು ಮೈಮರೆಯುವುದೂ ಬೇಡ. 2011ರಲ್ಲಿ 3.0 ಆವೃತ್ತಿ ಬಂದಾಗ ಗೂಗಲ್ ಹಲವು ತಿಂಗಳು ಮೂಲ ಬರಹವನ್ನು ತಡೆಹಿಡಿದಿತ್ತು. 2025ರಲ್ಲಿ, ಇನ್ನು ಮುಂದೆ ಕೆಲಸವನ್ನೆಲ್ಲ ಒಳಗೇ ಮಾಡಿ, ಆವೃತ್ತಿ ಸಿದ್ಧವಾದ ಮೇಲೆ ಮೂಲ ಬರಹ ಕೊಡುತ್ತೇವೆ ಎಂದಿತು. ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ ನಿಜ. ಮುಂದೆ ಕೊಡುವುದು ಬಿಡುವುದು ಬಹುಮಟ್ಟಿಗೆ ಅವರ ಕೈಯಲ್ಲೇ ಇದೆ.

ಆದ್ದರಿಂದ ತಮ್ಮಂದಿರೇ, ತಂಗಿಯರೇ, ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಬೀದಿಗಿಳಿದು ಕೇಳುತ್ತೇವೆ. ಕೇಳಲೇಬೇಕು. ಆದರೆ ಫೋನಿನೊಳಗಿನ ಕನ್ನಡ ಬರೀ ಕೂಗಿದರೆ ಸರಿಹೋಗುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಒತ್ತಕ್ಷರ ತಪ್ಪಾಗಿ ಕಂಡರೆ ತಪ್ಪನ್ನು ಬರೆದು ತಿಳಿಸಿ. ಅನುವಾದ ಕೆಟ್ಟದಾಗಿದ್ದರೆ ನೀವೇ ಕೂತು ತಿದ್ದಿ. ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರು ವಾರಕ್ಕೆ ಒಂದು ಗಂಟೆ ಕೊಟ್ಟರೂ ಸಾಕು. ನೀವು ಫಾಂಟ್ ಮಾಡಿದರೆ ಯಾವ ಲೈಸೆನ್ಸಿನಲ್ಲಿ ಕೊಡುತ್ತಿದ್ದೀರಿ ಎಂದು ಬರೆದೇ ಕೊಡಿ. ಸುಮ್ಮನೆ 'ಉಚಿತ' ಎಂದರೆ ತಿದ್ದುವ ಹಕ್ಕು ಸಿಕ್ಕಂತಾಗುವುದಿಲ್ಲ. ಜನರ ತೆರಿಗೆ ಹಣದಲ್ಲಿ ಸರ್ಕಾರ ಮಾಡಿಸುವ ಕನ್ನಡ ಫಾಂಟು, ಕೀಲಿಮಣೆ, ನಿಘಂಟು ಎಲ್ಲವೂ ಮುಕ್ತ ಲೈಸೆನ್ಸಿನಲ್ಲೇ ಬರಬೇಕು ಎಂದು ಒತ್ತಾಯ ಮಾಡಿ. ಮುಂದಿನ ಹೋರಾಟದ ಬೇಡಿಕೆ ಪಟ್ಟಿಯಲ್ಲಿ ಇದೂ ಒಂದು ಸಾಲಾಗಿ ಇರಲಿ. ಆ ಕರಪತ್ರವನ್ನು ನನ್ನ ಪ್ರೆಸ್ಸಿನಲ್ಲಿ ಬಿಟ್ಟಿಯಾಗಿ ಅಚ್ಚು ಹಾಕಿಕೊಡುತ್ತೇನೆ. ಕಾಗದ ಮಾತ್ರ ನೀವು ತನ್ನಿ.

ಜೈ ಕರ್ನಾಟಕ!