ಮಾಧ್ಯಮಿಕ ಶಾಲೆಯ ಪ್ರಬಂಧ: ವಿಷಯವೂ ಕ್ರಮವೂ



ದತ್ತಿ ಉಪನ್ಯಾಸವೆಂದೊಡನೆ ಪಂಪನನ್ನೋ ವಚನಕಾರರನ್ನೋ ನಿರೀಕ್ಷಿಸಿ ಬರುವುದು ನಮ್ಮಲ್ಲಿ ವಾಡಿಕೆ. ಆರು, ಏಳು, ಎಂಟನೆಯ ತರಗತಿಗಳ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸುವ ಬಗೆ ಇಂತಹ ಸಭೆಯ ಮುಂದೆ ಇಡತಕ್ಕ ವಿಷಯವೇ ಎಂದು ಯಾರಿಗಾದರೂ ತೋರಿದರೆ ನಾನು ಆಕ್ಷೇಪಿಸಲಾರೆ. ಆದರೆ ಪಂಪನನ್ನು ಕುರಿತು ಮುಂದೊಂದು ದಿನ ಬರೆಯತಕ್ಕವರೂ, ಪಂಚಾಯಿತಿಯ ವರದಿಯನ್ನೋ ಆಸ್ಪತ್ರೆಯ ಸೂಚನೆಯನ್ನೋ ಸಹಕಾರ ಸಂಘದ ನಡವಳಿಯನ್ನೋ ಜನರಿಗೆ ಅರ್ಥವಾಗುವಂತೆ ಬರೆಯಬೇಕಾದವರೂ ಇಂದು ಅದೇ ತರಗತಿಗಳಲ್ಲಿ ಕುಳಿತಿದ್ದಾರೆ. ಅವರ ಗದ್ಯ ಅಲ್ಲಿ ಯಾವ ದಾರಿ ಹಿಡಿಯುತ್ತದೆಯೋ ಮುಂದೆಯೂ ಬಹುಮಟ್ಟಿಗೆ ಅದೇ ದಾರಿಯಲ್ಲಿ ನಡೆಯುತ್ತದೆ. ನಾನಿಲ್ಲಿ ಪ್ರಸ್ತಾಪಿಸುತ್ತಿರುವುದು ಲಲಿತಪ್ರಬಂಧವನ್ನಲ್ಲ. ಆ ಪ್ರಕಾರಕ್ಕೆ ಬೇಕಾದ ವಯಸ್ಸೂ ವಿರಾಮವೂ ಹನ್ನೆರಡು ವರ್ಷದ ಹುಡುಗನಿಗೆ ಇರುವುದಿಲ್ಲ. ತಾನು ಬಲ್ಲ ಒಂದು ವಸ್ತುವನ್ನು, ಅದನ್ನರಿಯದವನಿಗೆ ತಿಳಿಯುವಂತೆ, ಒಂದು ಕ್ರಮದಲ್ಲಿ ಬರೆದು ತಿಳಿಸುವ ಸರಳವಾದ ಮಾಹಿತಿಪ್ರಬಂಧವೇ ನನ್ನ ವಿಷಯ.

ಈಗ ನಡೆಯುತ್ತಿರುವ ಪಾಠ ಎಂಥದೆಂಬುದು ತಮಗೆಲ್ಲ ಗೊತ್ತಿದೆ. ಕರಿಹಲಗೆಯ ಮೇಲೆ ‘ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ’ ಎಂದು ಬರೆದು, ಕೆಳಗೆ ‘ಜಲಸಂರಕ್ಷಣೆ’ ಎಂದೋ ‘ಗ್ರಂಥಾಲಯದ ಮಹತ್ವ’ ಎಂದೋ ವಿಷಯವನ್ನು ಕೊಟ್ಟುಬಿಟ್ಟರೆ ಮಕ್ಕಳು ಉಳಿದುದನ್ನು ಗೈಡಿನಿಂದ ಇಳಿಸಿಕೊಳ್ಳುತ್ತಾರೆ. ಪೀಠಿಕೆಯಲ್ಲಿ ನೀರು ಸಕಲ ಜೀವರಾಶಿಗೆ ಆಧಾರವೆಂದಿರುತ್ತದೆ. ಉಪಸಂಹಾರದಲ್ಲಿ ಆದುದರಿಂದ ನಾವೆಲ್ಲರೂ ನೀರನ್ನು ಉಳಿಸೋಣವೆಂದಿರುತ್ತದೆ. ನಡುವೆ ಇರುವುದು ಅದೇ ಮಾತಿನ ಪುನರುಕ್ತಿ. ಹುಡುಗ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾನೆ, ಅಂಕ ಪಡೆಯುತ್ತಾನೆ. ತನ್ನೂರಿನ ಕೆರೆ ಯಾವ ತಿಂಗಳಲ್ಲಿ ಬತ್ತುತ್ತದೆಂಬುದನ್ನು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಿದ್ದರೂ.

ಮೂರು ಭಾಗಗಳ ಈ ಕಟ್ಟು ತಪ್ಪೆಂದು ನಾನು ವಾದಿಸುತ್ತಿಲ್ಲ. ಅದರ ಜತೆಗೆ ಕಲಿಸುವ ಪರಿಚ್ಛೇದದ ನಿಯಮಗಳ ವಂಶಾವಳಿಯೂ ಗೌರವಾರ್ಹವಾದುದೇ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ತರ್ಕವನ್ನು ಬೋಧಿಸುತ್ತಿದ್ದ ಅಲೆಗ್ಸಾಂಡರ್ ಬೇನ್ 1866ರಲ್ಲಿ ಪ್ರಕಟಿಸಿದ ರಚನಾಶಾಸ್ತ್ರದ ಗ್ರಂಥದಲ್ಲಿ, ಒಂದು ಪರಿಚ್ಛೇದಕ್ಕೆ ಒಂದೇ ವಿಷಯವಿರಬೇಕು, ಅದು ಏನನ್ನು ಕುರಿತದ್ದೆಂದು ಮೊದಲಲ್ಲಿಯೇ ತಿಳಿಯಬೇಕು, ವಾಕ್ಯವಾಕ್ಯಗಳ ಸಂಬಂಧ ಸ್ಪಷ್ಟವಾಗಿರಬೇಕು ಎಂಬ ನಿಯಮಗಳನ್ನು ವಿಂಗಡಿಸಿ ಹೇಳಿದನು. ಇಂಗ್ಲಿಷ್ ಶಾಲೆಗಳ ಪ್ರಬಂಧಪಾಠ ಬಹಳ ಕಾಲ ಆ ನಿಯಮಗಳ ನೆರಳಿನಲ್ಲಿ ಬೆಳೆಯಿತು. ತಾಳೆಗರಿಯಲ್ಲಿ ಸಾಲಿಗೆ ಸಾಲು ಸೇರಿಸಿ ಎಡೆಬಿಡದೆ ಬರೆಯುತ್ತಿದ್ದ ನಮ್ಮಲ್ಲಿ ಪರಿಚ್ಛೇದವೆಂಬುದು ಕಣ್ಣಿಗೆ ಕಾಣುವಂತಾದದ್ದು ಮುದ್ರಣಯಂತ್ರ ಬಂದಮೇಲೆ; ಏಳನೆಯ ತರಗತಿಯ ಮಗು ಎರಡು ಪುಟಗಳನ್ನು ಒಂದೇ ಉಸಿರಿಗೆ ಬರೆದುಬಿಟ್ಟರೆ ಉಪಾಧ್ಯಾಯರು ಅಷ್ಟೊಂದು ಸಿಟ್ಟಾಗಬೇಕಾದುದಿಲ್ಲ. ನನ್ನ ಆಕ್ಷೇಪಣೆ ಬೇರೆ. ನಾವು ಮಗುವಿಗೆ ಮೊದಲು ಕಟ್ಟನ್ನು ಕೊಟ್ಟು, ಅನಂತರ ಅದರೊಳಕ್ಕೆ ಏನನ್ನಾದರೂ ತುಂಬು ಎನ್ನುತ್ತೇವೆ. ಕ್ರಮವು ವಿಷಯದೊಳಗೇ ಇರುತ್ತದೆ. ಅದನ್ನು ಅಲ್ಲಿಂದ ಹುಡುಕಿ ತೆಗೆಯುವುದನ್ನು ಕಲಿಸುವುದೇ ಪ್ರಬಂಧದ ಪಾಠ ಎಂಬುದು ನನ್ನ ಅಭಿಪ್ರಾಯ.

ಇದನ್ನು ಒಂದು ಉದಾಹರಣೆಯಿಂದ ವಿಶದಪಡಿಸುತ್ತೇನೆ. ಬಯಲುಸೀಮೆಯ ಒಂದು ಹಳ್ಳಿಯ ಏಳನೆಯ ತರಗತಿಗೆ ‘ನಮ್ಮೂರ ಕೆರೆ’ ಎಂಬ ವಿಷಯವನ್ನು ಕೊಟ್ಟಾಗ, ಮೊದಲನೆಯ ದಿನ ಯಾರೂ ಪೆನ್ನು ಹಿಡಿಯಲಿಲ್ಲ. ಮಕ್ಕಳೆಲ್ಲ ಏರಿಯ ಮೇಲೆ ನಡೆದು ಬಂದು, ಕೆರೆಯನ್ನು ಕುರಿತು ತಮಗೆ ಗೊತ್ತಿದ್ದುದನ್ನು ಒಂದೊಂದಾಗಿ ಹೇಳಿದರು. ಮೇಷ್ಟರು ಹಲಗೆಯ ಮೇಲೆ ಬಂದ ಹಾಗೆಯೇ ಬರೆಯುತ್ತ ಹೋದರು. ಏರಿ, ತೂಬು, ಕೋಡಿ, ನೀರುಗಂಟಿ, ಜಾಲಿಮರ, ಹೂಳು, ಅಚ್ಚುಕಟ್ಟು, ಕಾಲುವೆ, ಕೆರೆ ತುಂಬಿದಾಗ ಬಿಡುವ ಬಾಗಿನ, ಮೀನು ಹರಾಜು, ಗುಡ್ಡದ ಕಡೆಯಿಂದ ಬರುವ ಹಳ್ಳ, ಮೇಲಿನ ಊರಿನ ಕೆರೆ, ಬಟ್ಟೆ ಒಗೆಯುವ ಕಲ್ಲು: ಹಲಗೆ ತುಂಬಿತು. ಕ್ರಮವೆಂಬುದು ಲೇಶವೂ ಇರಲಿಲ್ಲ. ಆದರೆ ಯಾವ ಗೈಡಿನಲ್ಲಿಯೂ ದೊರೆಯದ ಸಾಮಗ್ರಿ ಅಲ್ಲಿ ಕೂಡಿತ್ತು. ಮೇಷ್ಟರು ಕೇಳಿದ ಪ್ರಶ್ನೆ ಒಂದೇ: ‘ಆಕಾಶದಿಂದ ಬಿದ್ದ ಮಳೆಯ ನೀರು ಎಲ್ಲೆಲ್ಲಿ ಹೋಗುತ್ತದೆ, ಅದರ ಹಿಂದೆಯೇ ಹೋಗಿ ನೋಡೋಣ.’ ಗುಡ್ಡದಿಂದ ಹಳ್ಳ, ಹಳ್ಳದಿಂದ ಕೆರೆಯಂಗಳ, ಅಂಗಳದಲ್ಲಿ ನೀರನ್ನು ತಡೆದು ನಿಲ್ಲಿಸುವ ಏರಿ, ಏರಿಯಡಿಯ ತೂಬು, ತೂಬಿನಿಂದ ಕಾಲುವೆ, ಕಾಲುವೆಯಿಂದ ಅಚ್ಚುಕಟ್ಟಿನ ಗದ್ದೆ. ಹೆಚ್ಚಾದ ನೀರು ಕೋಡಿಯಲ್ಲಿ ಹರಿದು ಕೆಳಗಿನ ಊರಿನ ಕೆರೆಗೆ. ಮಕ್ಕಳು ತಾವೇ ಹೇಳಿದ ಮಾತುಗಳನ್ನು ಈ ದಾರಿಯುದ್ದಕ್ಕೂ ಹಂಚಿಹಾಕಿದರು. ನೀರುಗಂಟಿ ತೂಬಿನ ಬಳಿ ನಿಂತನು, ಮೀನು ಹರಾಜು ಅಂಗಳಕ್ಕೆ ಹೋಯಿತು. ಬಟ್ಟೆ ಒಗೆಯುವ ಕಲ್ಲನ್ನು ಎಲ್ಲಿಡಬೇಕೆಂಬ ವಿಷಯದಲ್ಲಿ ಜಗಳವೇ ಆಯಿತು.

ಆಗ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, ‘ಮೇಷ್ಟ್ರೇ, ನಮ್ಮ ಎಮ್ಮೆ ಕೆರೇಲಿ ಹೂತ್ಕೊಂಡದ್ದೂ ಬರೀಬೇಕು’ ಎಂದಳು. ತರಗತಿ ನಕ್ಕಿತು. ಮೇಷ್ಟರು ನಗದೆ, ‘ಯಾಕಮ್ಮ ಹೂತುಕೊಂಡಿತು?’ ಎಂದು ಕೇಳಿದರು. ‘ನೀರು ಮೊಣಕಾಲಷ್ಟೇ ಇತ್ತು, ಕೆಸರು ಎದೆಮಟ್ಟ ಇತ್ತು.’ ಹೂಳೆಂಬ ಒಣಶಬ್ದವಾಗಿ ಹಲಗೆಯ ಮೂಲೆಯಲ್ಲಿ ಬಿದ್ದಿದ್ದ ಸಂಗತಿಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಯಾವ ಇಲಾಖೆಯ ವರದಿಯಲ್ಲಿ ಸಿಕ್ಕೀತು? ಎಮ್ಮೆ ಹೂಳಿನ ಪರಿಚ್ಛೇದದಲ್ಲಿ ತನ್ನ ಸ್ಥಾನವನ್ನು ಪಡೆಯಿತು. ಸ್ವಾನುಭವಕ್ಕೆ ಮಾಹಿತಿಪ್ರಬಂಧದಲ್ಲಿ ಎಡೆಯಿಲ್ಲವೆಂದು ಹೇಳುವ ಪಂಡಿತರು ಇದ್ದಾರೆ. ಅವರು ಇಂತಹ ತರಗತಿಯಲ್ಲಿ ಒಂದು ದಿನ ಕುಳಿತರೆ ಒಳ್ಳೆಯದು.

ಎರಡನೆಯ ದಿನ ಬರವಣಿಗೆ. ಒಬ್ಬ ಹುಡುಗನ ಪುಸ್ತಕದಲ್ಲಿ ತೂಬಿನ ಪರಿಚ್ಛೇದ ಹೀಗಿತ್ತು: ‘ನಮ್ಮ ಕೆರೆಗೆ ತೂಬು ಇದೆ. ತೂಬು ಕಲ್ಲಿನದು. ನೀರುಗಂಟಿ ಇದ್ದಾನೆ. ಕೆರೆ ತುಂಬಾ ದೊಡ್ಡದು. ತೂಬಿನಿಂದ ನೀರು ಬರುತ್ತದೆ.’ ಇದರಲ್ಲಿ ಸುಳ್ಳಿಲ್ಲ, ವ್ಯಾಕರಣದೋಷವೂ ಇಲ್ಲ. ಆದರೆ ತೂಬನ್ನು ಕಂಡರಿಯದವನಿಗೆ ಏನೂ ತಿಳಿಯುವುದಿಲ್ಲ. ತಿದ್ದುವುದಕ್ಕೆ ಬದಲು ಪಕ್ಕದ ಹುಡುಗ ಅದನ್ನರಿಯದವನಂತೆ ಪ್ರಶ್ನೆ ಹಾಕುತ್ತ ಹೋದನು: ಎಲ್ಲಿದೆ, ಹೇಗೆ ತೆರೆಯುತ್ತಾರೆ, ನೀರು ಎತ್ತ ಹೋಗುತ್ತದೆ? ಅರ್ಧ ಗಂಟೆಯ ಮೇಲೆ ಅದೇ ಪರಿಚ್ಛೇದ ಹೀಗಾಗಿತ್ತು: ‘ಏರಿಯ ಒಳಗಡೆ ನೀರಿನಲ್ಲಿ ಎರಡು ಕಲ್ಲಿನ ಕಂಬ ನಿಂತಿವೆ. ಅದೇ ತೂಬು. ಕಂಬಗಳ ನಡುವೆ ಒಂದು ಉದ್ದನೆಯ ಕೋಲು ಇಳಿಬಿಟ್ಟಿದೆ. ನೀರುಗಂಟಿ ಅದನ್ನು ಮೇಲಕ್ಕೆ ಎತ್ತಿದರೆ ಕೆಳಗಿನ ಕಂಡಿ ತೆರೆದುಕೊಂಡು ನೀರು ಏರಿಯ ಅಡಿಯಿಂದ ಹಾದು ಕಾಲುವೆಗೆ ಬೀಳುತ್ತದೆ. ಯಾರ ಗದ್ದೆಗೆ ಯಾವಾಗ ಬಿಡಬೇಕೆಂದು ಅವನೇ ನೋಡಿಕೊಳ್ಳುತ್ತಾನೆ.’ ಕೆರೆ ದೊಡ್ಡದೆಂಬ ವಾಕ್ಯ ತಾನಾಗಿಯೇ ಬಿಟ್ಟುಹೋಗಿತ್ತು. ಅದರ ಜಾಗ ಇದಲ್ಲವೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ವಿಷಯವನ್ನು ವಿಂಗಡಿಸಿ ಕ್ರಮವಾಗಿ ಹೇಳುವ ಈ ವಿದ್ಯೆ ಆಂಗ್ಲರ ಶಾಲೆಗಳಿಂದ ನಮಗೆ ಬಂದುದೆಂಬ ಭಾವನೆ ಉಪಾಧ್ಯಾಯರಲ್ಲಿಯೂ ಇದೆ. ಕೆರೆಯ ಮಾತೇ ಬಂದುದರಿಂದ, ಕಡಪಾ ಜಿಲ್ಲೆಯ ಪೋರುಮಾಮಿಳ್ಳದ ಶಾಸನವನ್ನು ನೆನೆಯುತ್ತೇನೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಅಲ್ಲಿ ಕಟ್ಟಿಸಿದ ಕೆರೆಯನ್ನು ಕುರಿತು 1369ರಲ್ಲಿ ಸಂಸ್ಕೃತದಲ್ಲಿ ಕೆತ್ತಿಸಿದ ಶಾಸನವದು. ದಾನಪ್ರಶಂಸೆಯೂ ರಾಜವಂಶದ ವರ್ಣನೆಯೂ ಅದರಲ್ಲಿ ಇಲ್ಲದಿಲ್ಲ. ಆದರೆ ಅವುಗಳ ಜತೆಗೆ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು ಎಣಿಸಲ್ಪಟ್ಟಿವೆ: ಧರ್ಮಿಷ್ಠನಾದ ದೊರೆ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಬೆಟ್ಟಗಳ ನಡುವೆ ಹೆಚ್ಚು ಉದ್ದವಿಲ್ಲದ ಬಲವಾದ ಕಟ್ಟೆ, ಸಮೀಪದಲ್ಲಿಯೇ ಕಲ್ಲಿನ ಗಣಿ, ಕೆಲಸ ಬಲ್ಲ ಆಳುಗಳು ಮೊದಲಾದುವು. ಅನಂತರ ಆರು ದೋಷಗಳು ಬರುತ್ತವೆ. ಕಟ್ಟೆಯಲ್ಲಿ ನೀರು ಜಿನುಗುವುದು, ಚೌಳುನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಅಂಗಳದ ನಡುವೆ ದಿಬ್ಬವಿರುವುದು, ನೀರು ಕಡಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಮೆಯಾಗಿ ನೀರು ಹೆಚ್ಚಾಗಿರುವುದು. ಸಾವಿರ ಆಳುಗಳೂ ನೂರು ಗಾಡಿಗಳೂ ಎರಡು ವರ್ಷ ದುಡಿದುವೆಂಬ ಲೆಕ್ಕವೂ ಇದೆ. ಗುಣಗಳನ್ನು ಒಂದೆಡೆ, ದೋಷಗಳನ್ನು ಒಂದೆಡೆ, ವೆಚ್ಚಮಾಡಿದ ಶ್ರಮವನ್ನು ಬೇರೊಂದೆಡೆ ಇಟ್ಟ ಈ ವಿಂಗಡಣೆ ಎಂಟನೆಯ ತರಗತಿಯ ಹುಡುಗನಿಗೆ ಅಚ್ಚುಕಟ್ಟಾದ ಮಾದರಿಯಾದೀತು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಏಕೆ ದೋಷವೆಂದು ತರಗತಿಯಲ್ಲಿ ಕೇಳಿ ನೋಡಿ. ಕಾವೇರಿಯ ಸುದ್ದಿ ಕೇಳಿ ಬೆಳೆದ ಮಕ್ಕಳಿಗೆ ಉತ್ತರ ಹೇಳಿಕೊಡಬೇಕಾಗಿಲ್ಲ.

ಎಲ್ಲ ವಿಷಯಗಳೂ ನೀರಿನಂತೆ ದಾರಿ ತೋರಿಸುವುದಿಲ್ಲ ನಿಜ. ರಾಮನಗರ, ಕೋಲಾರದ ಸೀಮೆಯ ಮಗು ರೇಷ್ಮೆಹುಳುವನ್ನು ಕುರಿತು ಬರೆಯುವಾಗ ಕಾಲವೇ ಕ್ರಮವನ್ನು ಕೊಡುತ್ತದೆ: ಮೊಟ್ಟೆ, ಮರಿ, ಪೊರೆ ಕಳಚಲು ಹುಳು ಸೊಪ್ಪು ಬಿಟ್ಟು ನಾಲ್ಕು ಸಲ ಜ್ವರಕ್ಕೆ ಕೂರುವುದು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವುದು. ಅಲ್ಲಿ ರೇಷ್ಮೆಯನ್ನು ಮೊದಲು ಕಂಡಳೆನ್ನುವ ಚೀನದ ರಾಣಿಯ ಕಥೆಯಿಂದ ಆರಂಭಿಸಬೇಕೆಂದು ಒತ್ತಾಯಿಸುವುದು ವೃಥಾ. ಪೀಠಿಕೆಯನ್ನು ಕೊನೆಗೆ ಬರೆಯಿಸುವುದೇ ಲೇಸು. ತಾನು ಏನು ಬರೆದಿದ್ದೇನೆಂಬುದು ಮಗುವಿಗೆ ಗೊತ್ತಾಗುವುದು ಆಗ ತಾನೆ?

ಓದುವುದಕ್ಕೆ ಮಾದರಿಗಳೂ ಬೇಕು. ಕನ್ನಡದ ಪಠ್ಯಪುಸ್ತಕದಲ್ಲಿ ಪದ್ಯವಿದೆ, ಕಥೆಯಿದೆ, ಜೀವನಚರಿತ್ರೆಯಿದೆ. ಮಗು ಬರೆಯಬೇಕಾಗಿರುವ ಬಗೆಯ ಗದ್ಯ ಮಾತ್ರ ವಿರಳ. ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು 1936ರಲ್ಲಿಯೇ ಹೊರತಂದರು, ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಬಂದುವು. ಇವು ಎಷ್ಟೋ ಶಾಲೆಗಳ ಬೀರುವಿನಲ್ಲಿ ಬೀಗದ ಹಿಂದೆ ಇವೆ. ಬೀಗದ ಕೈ ಸಿಕ್ಕದಿದ್ದರೆ ವಿಜ್ಞಾನದ ಪುಸ್ತಕವಾದರೂ ಇದೆ. ಅದರ ಒಂದು ಪಾಠವನ್ನು ಕನ್ನಡದ ಗಂಟೆಯಲ್ಲಿ ಓದಿಸಿ, ಯಾವ ಪರಿಚ್ಛೇದ ಏನು ಮಾಡುತ್ತಿದೆಯೆಂದು ಕೇಳಿದರೆ ಕನ್ನಡ ಪಂಡಿತರ ಘನತೆಗೆ ಕುಂದು ಬರಲಾರದು.

ಇನ್ನು ತಿದ್ದುವ ಮಾತು. ಐವತ್ತು ಪುಸ್ತಕಗಳ ರಾಶಿಯ ಮುಂದೆ ಕುಳಿತ ಉಪಾಧ್ಯಾಯರ ಕೆಂಪು ಶಾಯಿ ಮೊದಲು ಬೀಳುವುದು ಬಿಟ್ಟುಹೋದ ಒತ್ತಕ್ಷರದ ಮೇಲೆ, ತಪ್ಪಿದ ಮಹಾಪ್ರಾಣದ ಮೇಲೆ. ಕಾಗುಣಿತದ ತಪ್ಪು ಕಣ್ಣಿಗೆ ಬೇಗ ಬೀಳುತ್ತದೆ, ಬೇಗ ತಿದ್ದಲೂ ಆಗುತ್ತದೆ. ಆದರೆ ಮುಂದಿನ ಸಲ ಹೇಗೂ ಹರಿದುಹಾಕಿ ಬೇರೆ ಬರೆಯಬೇಕಾದ ವಾಕ್ಯದಲ್ಲಿ ಒತ್ತಕ್ಷರವನ್ನು ತಿದ್ದಿ ಏನು ಪ್ರಯೋಜನ? ಮೊದಲನೆಯ ಕರಡಿನಲ್ಲಿ ಪರಿಚ್ಛೇದಗಳ ಕ್ರಮವನ್ನು ಮಾತ್ರ ನೋಡಿ, ಎರಡನೆಯದರಲ್ಲಿ ವಾಕ್ಯಗಳನ್ನು ನೋಡಿ, ಶುದ್ಧಪ್ರತಿಯಲ್ಲಿ ಕಾಗುಣಿತಕ್ಕೆ ಬರುವುದು ಯುಕ್ತವೆಂದು ನನಗೆ ತೋರುತ್ತದೆ. ಹೀಗೆ ಮಾಡಿದರೆ ವರ್ಷಕ್ಕೆ ಹತ್ತು ಪ್ರಬಂಧ ಬರೆಯಿಸುವುದಾಗುವುದಿಲ್ಲ, ನಾಲ್ಕೇ ಆಗುತ್ತವೆ. ನಾಲ್ಕು ಸಾಕು. ತಪಾಸಣೆಗೆ ಬರುವ ಅಧಿಕಾರಿಗಳು ಪುಟಗಳನ್ನು ಎಣಿಸದಿರುವ ಕೃಪೆ ಮಾಡಬೇಕು, ಅಷ್ಟೆ.

ಪ್ರಬಂಧಕ್ಕೆ ಉಪಾಧ್ಯಾಯರಲ್ಲದೆ ಬೇರೊಬ್ಬ ಓದುಗ ದೊರೆತರಂತೂ ಈ ಕೆಲಸ ಬಹಳ ಸುಲಭವಾಗುತ್ತದೆ. ಆ ಕೆರೆಯ ಪ್ರಬಂಧಗಳನ್ನು ಮೇಷ್ಟರು ಮಲೆನಾಡಿನ ಒಂದು ಶಾಲೆಗೆ ಅಂಚೆಯಲ್ಲಿ ಕಳುಹಿಸಿದರು. ಅಲ್ಲಿಯ ಮಕ್ಕಳು ಅಡಕೆ ಸುಲಿಯುವುದನ್ನು, ಬೇಯಿಸುವುದನ್ನು ಕುರಿತು ಬರೆದು ಕಳುಹಿಸಿದರು, ಜತೆಗೆ ಕೆರೆಯ ವಿಷಯವಾಗಿ ಪ್ರಶ್ನೆಗಳ ಒಂದು ಹಾಳೆಯನ್ನೂ ಇಟ್ಟಿದ್ದರು. ಕೋಡಿ ಬಿತ್ತು ಎಂದರೆ ಕೆರೆ ಒಡೆಯಿತು ಎಂದೇ, ಹಾಗಾದರೆ ಊರಿನವರು ಬಾಗಿನ ಬಿಟ್ಟು ಸಂತೋಷಪಡುವುದೇಕೆ ಎಂಬುದು ಅವುಗಳಲ್ಲೊಂದು. ಬಯಲುಸೀಮೆಯ ಮಕ್ಕಳಿಗೆ ಮೊದಲು ನಗು ಬಂದಿತು. ಆಮೇಲೆ ಪುಸ್ತಕ ತೆರೆದು ನೋಡಿದರೆ, ಕೋಡಿಯೆಂದರೇನೆಂದು ತರಗತಿಯಲ್ಲಿ ಯಾರೊಬ್ಬರೂ ಬರೆದಿರಲಿಲ್ಲ. ಮರುದಿನ ಸಂಜೆ ಅವರೆಲ್ಲ ಅಳತೆಯ ಟೇಪು ಹಿಡಿದು ಕೋಡಿಯ ಕಲ್ಲುಕಟ್ಟಡದ ಬಳಿಗೆ ಹೋದರು.