ಲಕೋಟೆಯಲ್ಲಿಟ್ಟ ಬೀಗದ ಕೈ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)

 

ಲೆಕ್ಕಪತ್ರವನ್ನು ಖಜಾಂಚಿಯವರು ಓದಿದ್ದಾರೆ. ನಾನು ನಮ್ಮ ಆಫೀಸಿನ ಕಂಪ್ಯೂಟರಿನ ಬಗ್ಗೆ ಐದು ನಿಮಿಷ ಮಾತನಾಡುತ್ತೇನೆ. ಅದರೊಳಗೆ ಇರುವುದು ನಿಮ್ಮದೇ ಮಕ್ಕಳ ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ತಂದೆ ತೀರಿಹೋದ ಮಕ್ಕಳ ಮನೆಯ ಮರಣಪತ್ರಗಳೂ ಇವೆ. ಸರಕಾರಿ ಕನ್ನಡದಲ್ಲಿ ಅಮಾನತು ಎಂದರೆ ಸಸ್ಪೆಂಡ್. ನಮ್ಮ ಮನೆಮಾತಿನ ಅಮಾನತ್ ಎಂದರೆ ನಂಬಿ ಕೊಟ್ಟದ್ದು. ಈ ಕಾಗದಗಳು ಎರಡನೆಯ ಜಾತಿಯವು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇವನ್ನೆಲ್ಲ ಒಂದು ವರ್ಚುವಲ್ ಮೆಷಿನ್‌ನಲ್ಲಿ ಇಟ್ಟುಕೊಟ್ಟಿದ್ದ. ಎಂದರೆ, ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಮಾಡಿದ ಇನ್ನೊಂದು ಕಂಪ್ಯೂಟರ್. ಅದರ ಇಡೀ ಡಿಸ್ಕ್ ಹೊರಗಿನಿಂದ ನೋಡಿದರೆ ಸಾಮಾನ್ಯವಾಗಿ ಒಂದು ಫೈಲ್ ಅಷ್ಟೆ. ಯಾರಾದರೂ ನಕಲು ಮಾಡಿಕೊಂಡರೆ ಎಲ್ಲ ಮನೆಗಳ ಗುಟ್ಟೂ ಅವರ ಕಿಸೆಯಲ್ಲಿ. ಅದಕ್ಕೇ ಅವನು ಎನ್‌ಕ್ರಿಪ್ಟ್ ಮಾಡಿ ಪಾಸ್‌ವರ್ಡ್ ಹಾಕಿದ. ಆಮೇಲೆ ದಮ್ಮಾಮಿಗೆ ಹೋದ.

ಕಳೆದ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಅದು ಪಾಸ್‌ವರ್ಡ್ ಕೇಳಿತು. ಅಲ್ಲಿಯವರೆಗೆ ನಾವು ಅದನ್ನು ಆಫ್ ಮಾಡಿಯೇ ಇರಲಿಲ್ಲ! ಓಡುತ್ತಿರುವಷ್ಟು ಹೊತ್ತು ಅದು ತೆರೆದ ಬಾಗಿಲು ಎಂಬುದೂ ನಮಗೆ ಗೊತ್ತಿರಲಿಲ್ಲ. ಮೂರು ದಿನ ಹುಡುಗ ಫೋನಿಗೆ ಸಿಗಲಿಲ್ಲ. ನರ್ಸಿಂಗ್ ಓದುವ ಒಬ್ಬಳಿಗೆ ಫೀಸಿನ ಕೊನೆಯ ದಿನ. ಈ ಸಭೆಯಲ್ಲೇ ಕುಳಿತಿರುವ ದಾನಿಯೊಬ್ಬರು ಕೈಯಿಂದ ಕೊಟ್ಟರು. ಪಾಸ್‌ವರ್ಡ್ ಸಿಗದೇ ಹೋಗಿದ್ದರೆ ಯಾವ ರಿಪೇರಿಯವನೂ ತೆರೆಯುವ ಹಾಗಿರಲಿಲ್ಲ, ಬೇರೆ ನಕಲೂ ಇರಲಿಲ್ಲ. ತಪ್ಪು ಹುಡುಗನದ್ದಲ್ಲ, ಕೇಳಿ ಬರೆದಿಟ್ಟುಕೊಳ್ಳದ ನಮ್ಮದು.

ಅವನು ರಜೆಯಲ್ಲಿ ಬಂದಾಗ ಒಂದು ವಿಷಯ ಬಿಡಿಸಿ ಹೇಳಿದ. ಕಾಗದಗಳಿಗೆ ಬೀಗ ಹಾಕುವುದು ಕಂಪ್ಯೂಟರೇ ಮಾಡಿಕೊಂಡ ಉದ್ದದ ಕೀ. ನಮ್ಮ ಪಾಸ್‌ವರ್ಡ್ ಆ ಕೀ ಇಟ್ಟ ಪೆಟ್ಟಿಗೆಗೆ ಮಾತ್ರ ಬೀಗ. ಪಾಸ್‌ವರ್ಡ್ ಬದಲಿಸಿದರೆ ಪೆಟ್ಟಿಗೆಯ ಬೀಗ ಬದಲಾಗುತ್ತದೆ, ಒಳಗಿನ ಕೀ ಹಳೆಯದೇ. ಹಳೆಯ ನಕಲೊಂದು ಯಾರ ಬಳಿಯಾದರೂ ಇದ್ದರೆ ಅದು ಹಳೆಯ ಪಾಸ್‌ವರ್ಡಿಗೆ ತೆರೆದುಕೊಳ್ಳುತ್ತದೆ. ಆದ್ದರಿಂದ ಎಲ್ಲವನ್ನೂ ಬಿಚ್ಚಿ ಹೊಸ ಕೀಯಿಂದ ಮತ್ತೆ ಎನ್‌ಕ್ರಿಪ್ಟ್ ಮಾಡಿಸಿದೆವು.

ಪಾಸ್‌ವರ್ಡನ್ನು ಇಬ್ಬರಿಗೆ ಅರ್ಧರ್ಧ ಹಂಚೋಣ ಎಂದು ಸಮಿತಿಯಲ್ಲಿ ಸಲಹೆ ಬಂತು. ನಾನು ಒಪ್ಪಲಿಲ್ಲ, ಒಂದು ಅರ್ಧ ಕಳೆದರೆ ಇನ್ನೊಂದೂ ದಂಡ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯ ಕಟ್ಟುಗಳ ಸೀಲು ನೋಡಿ ಬೆಳೆದ ಮೇಸ್ಟ್ರು ನಾನು. ಪೂರ್ಣ ಪಾಸ್‌ವರ್ಡನ್ನೇ ಎರಡು ಲಕೋಟೆಗಳಲ್ಲಿ ಬರೆದು, ಸೀಲು ಮಾಡಿ, ಮೇಲೆ ಇಬ್ಬರ ಸಹಿ ಹಾಕಿಸಿದ್ದೇವೆ. ಒಂದು ಅಧ್ಯಕ್ಷರಲ್ಲಿ, ಇನ್ನೊಂದು ಖಜಾಂಚಿಯವರಲ್ಲಿ. ಕಂಪ್ಯೂಟರಿನ ಕಪಾಟಿನಲ್ಲಿ ಒಂದೂ ಇಲ್ಲ. ನೇತ್ರಾವತಿಯ 1974ರ ನೆರೆ ನೆನಪಿರುವವರಿಗೆ ಕಾರಣ ಹೇಳಬೇಕಾಗಿಲ್ಲ. ಎನ್‌ಕ್ರಿಪ್ಟ್ ಮಾಡಿದ ಇನ್ನೊಂದು ನಕಲನ್ನೂ ಎತ್ತರದ ಮನೆಯೊಂದರಲ್ಲಿ ಇಟ್ಟಿದ್ದೇವೆ. ಸಂಜೆ ಮೆಷಿನ್ ಆಫ್ ಮಾಡಿದವರು ಪುಸ್ತಕದಲ್ಲಿ ಸಹಿ ಹಾಕುತ್ತಾರೆ.

ಪೋಷಕರಲ್ಲಿ ಒಂದು ವಿನಂತಿ. ಈ ವರ್ಷದ ಅರ್ಜಿಯ ದಾಖಲೆಗಳನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಆಫೀಸಿಗೇ ತನ್ನಿ. ಮೂಲಪ್ರತಿಯನ್ನು ನೋಡಿ ಸ್ಕ್ಯಾನ್ ಮಾಡಿ ನಿಮ್ಮ ಕೈಗೇ ವಾಪಸ್ ಕೊಡುತ್ತೇವೆ. ಒಟಿಪಿಯನ್ನು ನಮ್ಮವರು ಕೇಳುವುದಿಲ್ಲ. ಕೇಳಿದರೆ ನನಗೆ ಹೇಳಿ.