ಹದಿಹರೆಯದ ಹೆಗಲಿಗೆ ಹೊಣೆ



ಜಾತ್ರೆಯ ದಿನ ದೇವಸ್ಥಾನದ ಅಂಗಳವನ್ನು ಒಮ್ಮೆ ನೋಡಿದರೆ ಸಾಕು. ತಂದೆ ನೀರು ಹೊರುತ್ತಿರುತ್ತಾರೆ, ತಾಯಿ ಅನ್ನಸಂತರ್ಪಣೆಯ ಅಕ್ಕಿ ಆರಿಸುತ್ತಿರುತ್ತಾರೆ. ಹದಿನೈದರ ಮಗ ಕಂಬಕ್ಕೊರಗಿ ನಿಂತಿರುತ್ತಾನೆ. ‘ಅವನಿಗೇನು ತಿಳಿಯುತ್ತದೆ, ಓದಿಕೊಂಡಿರಲಿ’ ಎನ್ನುವವರು ಮನೆಯವರೇ. ನಾಲ್ಕು ವರ್ಷದ ಮೇಲೆ ‘ಮಗನಿಗೆ ಜವಾಬ್ದಾರಿಯೇ ಇಲ್ಲ’ ಎಂದು ಕೊರಗುವವರೂ ಅವರೇ!

ಇದಕ್ಕೆ ಉತ್ತರ ಕೊಟ್ಟ ಮಹನೀಯರೊಬ್ಬರು ಈ ಸೀಮೆಯಲ್ಲೇ ಹುಟ್ಟಿದರು. ಇಚಲಕರಂಜಿಗೆ ಸಮೀಪದ ಕುಂಭೋಜದಲ್ಲಿ 1887ರಲ್ಲಿ ಜನಿಸಿದ ಕರ್ಮವೀರ ಭಾವುರಾವ್ ಪಾಟೀಲರು. ಛತ್ರಪತಿ ಶಾಹೂ ಮಹಾರಾಜರ ಬೆಂಬಲದಿಂದ ಕೊಲ್ಹಾಪುರದಲ್ಲಿ 1901ರಿಂದ ಬೇರೆ ಬೇರೆ ಸಮಾಜದ ಮಕ್ಕಳಿಗೆ ವಸತಿಗೃಹಗಳು ಎದ್ದವು. ಅಲ್ಲಿಯ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದ ಭಾವುರಾಯರು, ಅಸ್ಪೃಶ್ಯರೆನಿಸಿದ್ದ ಮಕ್ಕಳ ವಸತಿಗೃಹದ ಉದ್ಘಾಟನೆಗೆ ಹೋಗಿಬಂದರು. ಸ್ನಾನ ಮಾಡಿ ಒಳಗೆ ಬರಬೇಕೆಂದಾಗ ಒಪ್ಪಲಿಲ್ಲ. ಬೋರ್ಡಿಂಗ್ ಬಿಡಬೇಕಾಯಿತು, ಬಿಟ್ಟರು. ತಾನು ಮಾಡಿದ್ದಕ್ಕೆ ತಾನೇ ನಿಲ್ಲುವುದೆಂದರೆ ಇದು.

1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಅವರು, 1924ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಒಂದೇ ವಸತಿಗೃಹ ತೆರೆದರು. ಹುಡುಗರೇ ಅಡುಗೆ ಮಾಡಿದರು, ಕಸ ಗುಡಿಸಿದರು, ಹೊಲದಲ್ಲಿ ದುಡಿದರು. ಕಾಳು ತೀರಿದಾಗ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನು ಕೊಟ್ಟರು, ಕೊನೆಗೆ ಮಂಗಳಸೂತ್ರವನ್ನೂ. ಅಷ್ಟು ವಾತ್ಸಲ್ಯವಿದ್ದ ದಂಪತಿಗಳು ಮಕ್ಕಳ ಕೈಯಿಂದ ಕಸಬರಿಗೆಯನ್ನು ಮಾತ್ರ ಕಸಿದುಕೊಳ್ಳಲಿಲ್ಲ!

ಹಾಗೆಂದು ಇಚಲಕರಂಜಿಯ ಮಗ್ಗದವರು ಮಗನ ಶಾಲೆ ಬಿಡಿಸಿ ರಾತ್ರಿಪಾಳಿಗೆ ನಿಲ್ಲಿಸಬೇಕೆಂದಲ್ಲ. ಅದು ಹೊಣೆಯಲ್ಲ, ಹೊರೆ. ಅಜ್ಜಿಗೆ ಹೊತ್ತಿಗೆ ಸರಿಯಾಗಿ ಔಷಧಿ ಕೊಡುವುದು, ಕಿರಾಣಿ ಲೆಕ್ಕ ಬರೆಯುವುದು, ಇಂಥ ಒಂದು ಕೆಲಸವನ್ನು ಪೂರ್ತಿಯಾಗಿ ಒಪ್ಪಿಸಿದರೆ ಸಾಕು. (ಮಗಳಿಗೆ ಅಡುಗೆಮನೆ, ಮಗನಿಗೆ ಕ್ರಿಕೆಟ್ ಎಂಬ ಹಂಚಿಕೆಯನ್ನೂ ಬಿಡಬೇಕು.) ಲೆಕ್ಕದಲ್ಲಿ ಹತ್ತು ರೂಪಾಯಿ ತಪ್ಪಿದರೆ ತಂದೆ ತಿದ್ದಬಾರದು, ಅಂಗಡಿಗೆ ಮಗನೇ ಹೋಗಿ ಕೇಳಿ ಬರಲಿ. ಗಡಹಿಂಗ್ಲಜದಿಂದ ಕೊಲ್ಹಾಪುರದ ಕಾಲೇಜಿಗೆ ಹೋಗಿ ಕೋಣೆ ಹಿಡಿದ ಹುಡುಗ ತಿಂಗಳ ಹಣವನ್ನು ಹತ್ತನೆಯ ತಾರೀಖಿಗೇ ಮುಗಿಸಿದರೆ, ಅವನೊಬ್ಬನನ್ನೇ ಬೈದು ಫಲವೇನು? ಮನೆಯಲ್ಲಿದ್ದಾಗ ಅವನ ಕೈಗೆ ಲೆಕ್ಕ ಕೊಟ್ಟವರಾರು?

ಈ ಉತ್ಸವದಲ್ಲೇ ಆರಂಭವಾಗಲಿ. ಪಾದರಕ್ಷೆ ಕಾಯುವುದು, ನೀರಿನ ಸರತಿ, ಪಂಕ್ತಿಯ ಎಲೆಗಳ ಎಣಿಕೆ, ಇವು ಹದಿಹರೆಯದವರ ಪಾಲಿಗಿರಲಿ. ರಾತ್ರಿ ಸಮಿತಿಯ ಮುಂದೆ ವಹಿ ಹಿಡಿದು ಅವರೇ ಲೆಕ್ಕ ಓದಲಿ. ಒಂದು ಜೊತೆ ಚಪ್ಪಲಿ ಕಳೆದರೂ ಭಕ್ತರಿಗೆ ಅವರೇ ಕೈಮುಗಿದು ಉತ್ತರ ಹೇಳಲಿ. ಹಿರಿಯರು ಪಕ್ಕದಲ್ಲಿ ಸುಮ್ಮನೆ ನಿಂತಿರಲಿ.